ಬೇಬಿ ಆಫ್ ಗಂಗರತ್ನ

ಕಾರ್ಡಿನ ಮೇಲೆ ಐದು ವೃತ್ತ,
ಒಂದು ಪೂರ್ತಿ ತುಂಬಿಲ್ಲ.
ಹಿಮ್ಮಡಿ ಚುಚ್ಚಿದ ನರ್ಸಿಗೆ ಅವಸರವಿತ್ತೋ,
ಮಗುವೇ ಕಾಲೆಳೆದುಕೊಂಡಿತೋ.
ಒಣಗಿದ ರಕ್ತಕ್ಕೆ ಈಗ ಕಾಚಿನ ಬಣ್ಣ.
ಹೆಸರಿನ ಜಾಗದಲ್ಲಿ: ಬೇಬಿ ಆಫ್ ಗಂಗರತ್ನ, ಲಗ್ಗೆರೆ.
ನಮ್ಮಲ್ಲಿಗೆ ಬರುವ ಯಾರಿಗೂ ಇನ್ನೂ ಹೆಸರಿರುವುದಿಲ್ಲ.

ಅಪ್ಪ ನಗರ್ತಪೇಟೆಯ ಗಲ್ಲಿಯೊಂದರಲ್ಲಿ
ಚಿನ್ನ ತೂಗುತ್ತಿದ್ದ, ಬೇರೆಯವರ ಚಿನ್ನ.
ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ, ಡಬ್ಬಿಯಲ್ಲಿ ಗುಲಗಂಜಿ.
ಫ್ಯಾನು ಆರಿಸಿ, ಉಸಿರು ಹಿಡಿದು
‘ಮಾತಾಡಬೇಡ, ಮುಳ್ಳು ಅಲುಗುತ್ತೆ’ ಅನ್ನುತ್ತಿದ್ದ.
ಪಂಚ್ ಒತ್ತುವಾಗ ಈಗಲೂ ನನಗೆ ಉಸಿರು ನಿಲ್ಲುತ್ತದೆ.
ಮೂರು ಮಿಲಿಮೀಟರಿನ ಚುಕ್ಕೆ,
ಗುಲಗಂಜಿಗಿಂತ ಸಣ್ಣದು,
ತಟ್ಟೆಯ ಗುಂಡಿಯೊಳಗೆ ಬೀಳುತ್ತದೆ.

ಅಲ್ಲಿ ಮೆಥನಾಲಿನಲ್ಲಿ ಕಾದಿರುತ್ತವೆ ಪಡಿಯಚ್ಚುಗಳು:
ಅದೇ ಲ್ಯೂಸಿನ್, ಅದೇ ಫಿನೈಲ್ ಅಲನಿನ್,
ಕೂದಲೆಳೆಯಷ್ಟು ತೂಕ ಹೆಚ್ಚು, ಅಷ್ಟೇ.
ಎಷ್ಟು ಹಾಕಿದ್ದೇವೆಂದು ನಮಗೆ ಗೊತ್ತು.
ಗೊತ್ತಿರುವುದನ್ನು ಪಕ್ಕದಲ್ಲಿ ನಿಲ್ಲಿಸದೆ
ಗೊತ್ತಿಲ್ಲದ್ದನ್ನು ತೂಗಲಾಗದು.
ಅಪ್ಪನಿಗೆ ವಿವರಿಸಿದೆ ಒಮ್ಮೆ.
‘ಇಷ್ಟಕ್ಕೆ ಎಮ್ಮೆಸ್ಸಿ ಬೇಕಿತ್ತಾ’ ಅಂದ.

ಬೆಳಗಿನ ಜಾವ ನಾಲ್ಕೂ ಕಾಲು.
ಕೆಳಗೆ ಹೊಸೂರು ರಸ್ತೆಯಲ್ಲಿ ಲಾರಿಗಳು,
ಮೇಲೆ ಯಂತ್ರಕ್ಕೆ ಎರಡು ನಿಮಿಷಕ್ಕೊಂದು ಮಗು.
ನೂರ ಮೂವತ್ತೆರಡರಲ್ಲಿ ಗೆರೆಯೊಂದು ಎದ್ದು
ಪರದೆಯ ಮೇಲಂಚಿಗೆ ತಾಗಿ ನಿಂತಿತು.
ಲ್ಯೂಸಿನ್ನೋ ಅದರ ದಾಯಾದಿಯೋ, ಯಂತ್ರ ಹೇಳದು;
ಎರಡಕ್ಕೂ ಒಂದೇ ತೂಕ.
ಇನ್ನೊಂದು ವೃತ್ತದಿಂದ ಮತ್ತೆ ಪಂಚ್ ಮಾಡಿದೆ
ಯಂತ್ರವೇ ಕೆಟ್ಟಿರಲಿ ದೇವರೇ ಎಂದುಕೊಂಡು.
ಇನ್ನೂರೈವತ್ತು ದಾಟಬಾರದಿತ್ತು.
ಎರಡು ಸಾವಿರದ ಮುನ್ನೂರು.

ಕಾರ್ಡು ತಿರುಗಿಸಿದೆ.
ರಕ್ತಸಂಬಂಧದ ಮದುವೆ: ಹೌದು, ಸೋದರಮಾವ.
ಹಿಂದಿನ ಹೆರಿಗೆ: ಒಂದು, ಗಂಡು.
ಪಕ್ಕದಲ್ಲಿ ಬೇರೆ ಇಂಕಿನಲ್ಲಿ: ಒಂಬತ್ತನೇ ದಿನ.
ಈ ಮಗುವಿಗೆ ಇವತ್ತು ಆರು.

ಫೋನು ಎತ್ತಿದವಳು ಗಂಗರತ್ನಳ ಅತ್ತೆ.
ಅವಳೇ ಅಜ್ಜಿಯೂ.
‘ಬಂಗಾರದಂಥ ಕೂಸು ಕಣಮ್ಮ, ಅಳೋದೇ ಇಲ್ಲ,
ಮೊಲೆ ಒಂದು ಸರಿಯಾಗಿ ಹಿಡೀತಿಲ್ಲ, ಬರೀ ನಿದ್ದೆ.’
ಒದ್ದೆ ಬಟ್ಟೆಗೆ ಏನಾದರೂ ವಾಸನೆ?
ತಡೆದಳು.
‘ಪಾಕ ಸೀದಂಗೆ. ಕಡ್ಲೆ ಮಿಠಾಯಿಗೆ ಬೆಲ್ಲ ಕಾಯಿಸ್ತಾರಲ್ಲ, ಹಂಗೆ.
ಮೊದಲನೇದಕ್ಕೂ ಹಂಗೇ ಬರ್ತಿತ್ತು.’

ಪುಸ್ತಕ ಈ ರೋಗಕ್ಕೆ ಕೊಟ್ಟಿರುವುದು
ಯಾವುದೋ ಚಳಿದೇಶದ ಮರದ ಹೆಸರು.
ಆ ಮರವನ್ನು ನಾನು ನೋಡಿಲ್ಲ.
ಲಗ್ಗೆರೆಯ ಮುದುಕಿ ಬಾಣಲೆ ಸಮೇತ ಹೇಳಿಬಿಟ್ಟಳು.

ಹಾಲು ನಿಲ್ಲಿಸಿ, ಈಗಲೇ ಆಸ್ಪತ್ರೆಗೆ ಹೊರಡಿ ಎಂದೆ.
‘ತಾಯಿ ಹಾಲಾ?’
ಬೆಳ್ಳಗಿರುವುದೆಲ್ಲ ಹಾಲಲ್ಲ, ಆ ಗಾದೆ ಗೊತ್ತು.
ಇದು ಹಾಲೇ, ಆದರೂ ಬೇಡ ಅನ್ನುವುದಕ್ಕೆ
ಗಾದೆಯಿಲ್ಲ ನಮ್ಮಲ್ಲಿ.

ಮೂರು ದಿನ ಬಿಟ್ಟು ವಾರ್ಡಿಗೆ ಕಾರ್ಡು ತರಲು ನಾನೇ ಹೋದೆ,
ಹೋಗಬೇಕಿರಲಿಲ್ಲ.
ಸಿಂಕಿನ ಮುಂದೆ ಬೆನ್ನು ಹಾಕಿ ನಿಂತಿದ್ದಳು ಗಂಗರತ್ನ
ನಲ್ಲಿ ಜೋರಾಗಿ ಬಿಟ್ಟುಕೊಂಡು,
ಎದೆ ಹಿಂಡಿ ಹಿಂಡಿ ಚೆಲ್ಲುತ್ತ.
ನಾನ್ಯಾರೆಂದು ಹೇಳದೆ ಬಂದೆ.
ಅವತ್ತು ಒಂಬತ್ತನೇ ದಿನ.

ಎಂಟುನೂರು. ಐನೂರು. ಇವತ್ತು ಇನ್ನೂರ ತೊಂಬತ್ತು.
ಒಂದು ಜ್ವರ ಬಂದರೆ ಮತ್ತೆ ಏರುತ್ತದೆ,
ನಾಳೆ ಯಾರದೋ ಮದುವೆಯಲ್ಲಿ ಒಂದು ಸೌಟು ಸಾರು ಸಾಕು.
ಬದುಕಿರುವ ತನಕ ಅವಳು
ಬೇಳೆಯನ್ನು ಚಿನ್ನದಂತೆ ತೂಗಿ ಉಣ್ಣಬೇಕು.

ಇವತ್ತಿನ ಕಾರ್ಡಿನಲ್ಲಿ ಯಾರೋ
‘ಬೇಬಿ ಆಫ್’ ಹೊಡೆದುಹಾಕಿ ಮೇಲೆ ಬರೆದಿದ್ದಾರೆ.
ಚಾರ್ವಿಯೋ ಜಾನ್ವಿಯೋ,
ಮೊದಲಕ್ಷರದ ಮೇಲೆ ನೀರು ಬಿದ್ದಿದೆ.
ಕಂಪ್ಯೂಟರು ಹೆಸರು ಕೇಳುತ್ತ ಕೂತಿದೆ.
ಫೋನು ಹಚ್ಚಿದ್ದೇನೆ.
ಆ ಕಡೆ ರಿಂಗಾಗುತ್ತಿದೆ.